ಆಟಕ್ಕುಂಟು, ಲೆಕ್ಕಕ್ಕೂ ಉಂಟು

ನಮ್ಮೂರಿನ ಬೀದಿಯಲ್ಲಿ ಚಿಣ್ಣಿದಾಂಡು ಆಡುವಾಗ ಚಿಕ್ಕ ಮಕ್ಕಳಿಗೆ ಒಂದು ವಿಶೇಷ ಜಾಗ ಇರುತ್ತಿತ್ತು. ದೊಡ್ಡವರ ಜೊತೆ ಆಡುತ್ತೇನೆಂದು ಅತ್ತುಕೊಂಡು ಬಂದ ತಮ್ಮನನ್ನೋ ಪಕ್ಕದ ಮನೆಯ ಹುಡುಗನನ್ನೋ ಓಡಿಸಲಾಗದೆ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುತ್ತಿದ್ದೆವು. ಅವನು ಹೊಡೆಯಬಹುದು, ಓಡಬಹುದು. ಔಟಾದರೂ ಅವನು ಔಟಲ್ಲ. ಆದರೆ ಅಪ್ಪಿತಪ್ಪಿ ಚೆನ್ನಾಗಿ ಹೊಡೆದುಬಿಟ್ಟರೆ ಅದೂ ಹೊಡೆತವಲ್ಲ. ಆ ಹುಡುಗರಿಗೆ ಇದು ಎಷ್ಟು ಅವಮಾನದ ವಿಷಯ ಎಂದು ನಾವು ಯೋಚಿಸಿದವರೇ ಅಲ್ಲ.

ಈ ಮಾತು ಮತ್ತೆ ನೆನಪಾದದ್ದು ಮೂವತ್ತು ವರ್ಷಗಳ ನಂತರ, ಅಹಮದಾಬಾದಿನ ಹೊರವಲಯದ ಒಂದು ಗಾಲ್ಫ್ ಮೈದಾನದಲ್ಲಿ. ಬೆಂಗಳೂರಿನಲ್ಲಿದ್ದಾಗ ಕಂಪನಿಯ ಗಿರಾಕಿಗಳ ಸಲುವಾಗಿ ಕಲಿತ ಆಟ, ಪ್ರಾಜೆಕ್ಟಿನ ಜೊತೆ ನನ್ನನ್ನು ಗುಜರಾತಿಗೂ ಹಿಂಬಾಲಿಸಿ ಬಂತು. ಮೊದಲ ಬೆಳಿಗ್ಗೆ ನನ್ನ ಜೊತೆಗೆ ಸಿಕ್ಕವರು ಬಟ್ಟೆ ವ್ಯಾಪಾರದಲ್ಲಿ ತಲೆ ನರೆಸಿದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಹೆಸರು, ಊರು, ಕೆಲಸ ಯಾವುದನ್ನೂ ಕೇಳದೆ ಅವರು ಕೇಳಿದ ಮೊದಲ ಪ್ರಶ್ನೆ: 'ಹ್ಯಾಂಡಿಕ್ಯಾಪ್ ಕೆಟ್ಲೋ, ಭಾಯ್?' ಎಷ್ಟು, ಅಂತ. ಇಪ್ಪತ್ತು ಎಂದೆ. ತಲೆಯಾಡಿಸಿದರು. ಅಷ್ಟಕ್ಕೇ ಪಂದ್ಯ ಕುದುರಿತು. ಭಾಷೆ ಬಾರದ ಊರಿನಲ್ಲಿ, ಮುಖ ಪರಿಚಯವೂ ಇಲ್ಲದ ಒಬ್ಬರು ನನ್ನ ಬಾಯಿಂದ ಬಂದ ಒಂದು ಸಂಖ್ಯೆಯನ್ನು ನಂಬಿ ನನ್ನೊಡನೆ ಸಮನಾಗಿ ಆಡಲು ಒಪ್ಪಿದ್ದರು. ಆ ಸಂಖ್ಯೆ ಎಲ್ಲಿಂದ ಬಂತು ಎಂದು ಹುಡುಕಲು ಹೊರಟಿದ್ದು ಆಮೇಲೆ.

ಗಾಲ್ಫ್ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಸುತ್ತಿಗೆ 18 ಹೋಲ್. ನುರಿತ ಆಟಗಾರನೊಬ್ಬ ಒಂದೊಂದು ಹೋಲನ್ನು ಎಷ್ಟು ಹೊಡೆತಗಳಲ್ಲಿ ಮುಗಿಸಬೇಕು ಎಂಬುದಕ್ಕೆ ಲೆಕ್ಕವಿದೆ: 3, 4 ಅಥವಾ 5. ಅದೇ ಪಾರ್. ಎಲ್ಲ ಕೂಡಿದರೆ ಸಾಮಾನ್ಯವಾಗಿ 72ರ ಆಸುಪಾಸು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದ. 74ರಲ್ಲಿ ಮುಗಿಸುವವನಿಗೂ 95ರಲ್ಲಿ ಮುಗಿಸುವವನಿಗೂ ಪಂದ್ಯ ಕಟ್ಟಿದರೆ ನೋಡುವುದಕ್ಕೇನೂ ಇಲ್ಲ. ಆದರೆ 95ರವನಿಗೆ 22 ಹೊಡೆತಗಳ ರಿಯಾಯಿತಿ ಕೊಟ್ಟರೆ ಅವನ ನಿವ್ವಳ 73 ಆಗುತ್ತದೆ. ಆಗ ಪಂದ್ಯ ಯಾರ ಕಡೆಗೆ ಬೇಕಾದರೂ ವಾಲಬಹುದು. ಈ ರಿಯಾಯಿತಿಯ ಹೆಸರೇ ಹ್ಯಾಂಡಿಕ್ಯಾಪ್. ಬೀದಿಯ ಹುಡುಗನಿಗೆ ನಾವು ಮಾಡಿದ್ದಕ್ಕೆ ಇದು ನೇರ ತದ್ವಿರುದ್ಧ. ದುರ್ಬಲನನ್ನು ಲೆಕ್ಕದಿಂದ ಹೊರಗಿಡುವುದಿಲ್ಲ, ಲೆಕ್ಕವನ್ನೇ ಅವನಿಗಾಗಿ ತಿದ್ದುತ್ತದೆ.

ಈ ಪದ ಹುಟ್ಟಿದ್ದು ಆಟದಲ್ಲಲ್ಲ, ವಿನಿಮಯದಲ್ಲಿ. ಟೋಪಿ ಹಿಡಿದು ಭಿಕ್ಷೆ ಬೇಡುತ್ತಿದ್ದ ಅಂಗವಿಕಲರಿಂದ ಬಂದದ್ದು ಎಂಬ ಕತೆ ಬಹಳ ಕಡೆ ಓಡಾಡುತ್ತದೆ, ಅದು ತಪ್ಪು. 17ನೇ ಶತಮಾನದ ಇಂಗ್ಲೆಂಡಿನಲ್ಲಿ 'ಹ್ಯಾಂಡ್ ಇನ್ ಕ್ಯಾಪ್' ಎಂಬ ಜೂಜಿತ್ತು. ಇಬ್ಬರು ತಮ್ಮ ತಮ್ಮ ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳಲು ಮುಂದೆ ಬರುತ್ತಾರೆ. ನಡುವೆ ಕೂತ ಮೂರನೆಯವನು ಎರಡನ್ನೂ ನೋಡಿ, ಕಡಿಮೆ ಬೆಲೆಯದರ ಜೊತೆ ಇಷ್ಟು ಹಣ ಸೇರಿಸಿದರೆ ಸಮ ಎಂದು ಹೇಳುತ್ತಾನೆ. ಮೂವರೂ ಸ್ವಲ್ಪ ಪಣ ಇಟ್ಟಿರುತ್ತಾರೆ. ಆಮೇಲೆ ಇಬ್ಬರೂ ಟೋಪಿಯೊಳಗೆ ಕೈಹಾಕಿ ಒಟ್ಟಿಗೆ ಹೊರತೆಗೆಯುತ್ತಾರೆ. ಒಪ್ಪಿಗೆಯೋ ಅಲ್ಲವೋ ಎಂಬುದು ಕೈ ನೋಡಿದಾಗಲೇ ತಿಳಿಯುವುದು. ಇಬ್ಬರದೂ ಒಂದೇ ಉತ್ತರವಾದರೆ ಪಣ ಮೂರನೆಯವನಿಗೆ. ಒಬ್ಬ ಒಪ್ಪಿ ಇನ್ನೊಬ್ಬ ಒಪ್ಪದಿದ್ದರೆ ಒಪ್ಪಿದವನಿಗೆ. ಅಂದರೆ ತಕ್ಕಡಿ ಹಿಡಿದವನು ಯಾವ ಕಡೆಗೂ ವಾಲದೆ ತೂಗಿದರೆ ಮಾತ್ರ ಅವನಿಗೆ ಲಾಭ. 1660ರಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ಪ್ರಸಿದ್ಧ ದಿನಚರಿಯಲ್ಲಿ ಈ ಆಟವನ್ನು ಹೊಸದಾಗಿ ಕಂಡದ್ದನ್ನು ಬರೆದಿಟ್ಟಿದ್ದಾನೆ. 18ನೇ ಶತಮಾನದಲ್ಲಿ ಪದ ಕುದುರೆ ಪಂದ್ಯಕ್ಕೆ ಹೋಯಿತು. ವೇಗದ ಕುದುರೆಯ ಮೇಲೆ ಹೆಚ್ಚು ಭಾರ ಹೇರಿ ಉಳಿದವುಗಳ ಸಮಕ್ಕೆ ತರುವುದು. ಅಲ್ಲಿಂದ ಗಾಲ್ಫಿಗೆ ಬಂದದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ.

ಪದ ತಡವಾಗಿ ಬಂದರೂ ಪದ್ಧತಿ ಹಳೆಯದು. 1687ರಲ್ಲಿ ಎಡಿನ್‌ಬರೋದ ವೈದ್ಯಕೀಯ ವಿದ್ಯಾರ್ಥಿ ಥಾಮಸ್ ಕಿನ್‌ಕೇಡ್ ತನ್ನ ದಿನಚರಿಯಲ್ಲಿ ಒಂದು ಪ್ರಶ್ನೆ ಹಾಕಿಕೊಂಡಿದ್ದ: ಬಲಹೀನ ಎದುರಾಳಿಗೆ ಮೂರು ಹೋಲ್‌ಗಳಲ್ಲಿ ಎರಡನ್ನು ಬಿಟ್ಟುಕೊಡುವುದು ಲೇಸೋ, ಅಥವಾ ಅವನ ಎರಡು ಹೊಡೆತಕ್ಕೆ ತನ್ನ ಮೂರನ್ನು ಒಡ್ಡುವುದು ಲೇಸೋ? ಮುಂದೆ ಸ್ಕಾಟ್ಲೆಂಡಿನಲ್ಲಿ ಈ ಚೌಕಾಸಿಗೆ ಅದರದ್ದೇ ಪರಿಭಾಷೆ ಬೆಳೆಯಿತು. 'ಹಾಫ್ ಒನ್' ಎಂದರೆ ಎರಡು ಹೋಲಿಗೊಂದು ಹೊಡೆತ ರಿಯಾಯಿತಿ, 'ಥರ್ಡ್ ಒನ್' ಎಂದರೆ ಮೂರಕ್ಕೊಂದು. ಇದನ್ನು ಆಟಗಾರರೇ ಮಾತಾಡಿಕೊಂಡು ನಿಗದಿ ಮಾಡುತ್ತಿದ್ದರು, ಇಲ್ಲವೇ ಊರಿನಲ್ಲಿ ಎಲ್ಲರ ಆಟ ಬಲ್ಲ ಒಬ್ಬರು ತೀರ್ಮಾನಿಸುತ್ತಿದ್ದರು. ನಮ್ಮ ಹಳ್ಳಿಯ ನ್ಯಾಯದ ಹಾಗೆ. ಯಾರ ಯೋಗ್ಯತೆ ಎಷ್ಟು ಎಂದು ಎಲ್ಲರಿಗೂ ಗೊತ್ತಿದ್ದ ಕಡೆ ಕಾಗದ ಬೇಕಿರಲಿಲ್ಲ.

ಕಾಗದ ಬೇಕಾದದ್ದು ಜನ ಊರು ಬಿಡಲು ಶುರುಮಾಡಿದಾಗ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಬ್ರಿಟನ್ನಿನ ರೈಲು ಹೋದಲ್ಲೆಲ್ಲ ಗಾಲ್ಫ್ ಕ್ಲಬ್ಬುಗಳು ಎದ್ದವು. ಬ್ರಿಟಿಷರು ಹೋದಲ್ಲೂ ಎದ್ದವು. ಬ್ರಿಟಿಷ್ ದ್ವೀಪಗಳ ಹೊರಗಿನ ಅತಿ ಹಳೆಯ ಕ್ಲಬ್ ಕಲ್ಕತ್ತೆಯದು, 1829ರಲ್ಲಿ ಆರಂಭವಾದದ್ದು. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಪ್ರತಿ ಕ್ಲಬ್ಬಿಗೂ ತನ್ನದೇ ಲೆಕ್ಕ. ಸಾಮಾನ್ಯವಾಗಿ ಆಟಗಾರನ ಅತ್ಯುತ್ತಮ ಮೂರು ಸ್ಕೋರುಗಳ ಸರಾಸರಿಯಿಂದ ಆ ಮೈದಾನದ ಗುರಿ ಸಂಖ್ಯೆಯನ್ನು ಕಳೆಯುತ್ತಿದ್ದರು. ತೊಂದರೆ ಎಂದರೆ ಗುರಿ ಸಂಖ್ಯೆಯೂ ಕ್ಲಬ್ಬಿನ ಮರ್ಜಿ. ಸುಲಭದ ಮೈದಾನದಲ್ಲಿ ಸಿಕ್ಕ 10ಕ್ಕೂ ಕಠಿಣ ಮೈದಾನದಲ್ಲಿ ಸಿಕ್ಕ 10ಕ್ಕೂ ಅಜಗಜಾಂತರ. ಪರಸ್ಥಳದಿಂದ ಬಂದವನ ಸಂಖ್ಯೆಯನ್ನು ನಂಬುವುದು ಹೇಗೆ?

ಈ ಗಂಟನ್ನು ದೇಶದ ಮಟ್ಟದಲ್ಲಿ ಮೊದಲು ಬಿಡಿಸಿದವರು ಹೆಂಗಸರು. 1893ರಲ್ಲಿ ಸ್ಥಾಪನೆಯಾದ ಲೇಡೀಸ್ ಗಾಲ್ಫ್ ಯೂನಿಯನ್ನಿನ ಕಾರ್ಯದರ್ಶಿ ಇಸೆಟ್ ಪಿಯರ್ಸನ್ ಮತ್ತು ಅವರ ಸಂಗಡಿಗರು, ಮೈದಾನದ ಗುರಿ ಸಂಖ್ಯೆಯನ್ನು ಕ್ಲಬ್ಬಿನ ಕೈಗೆ ಬಿಡದೆ ಎಲ್ಲ ಕಡೆಗೂ ಹೊಂದುವ ಒಂದೇ ವ್ಯವಸ್ಥೆಯನ್ನು ಕಟ್ಟಿದರು. ಗಂಡಸರ ಕ್ಲಬ್ಬುಗಳು ಇನ್ನೂ ಜಗಳವಾಡುತ್ತಿದ್ದ ಕಾಲದಲ್ಲಿ ಹೆಂಗಸೊಬ್ಬಳ ಹ್ಯಾಂಡಿಕ್ಯಾಪ್ ಇನ್ನೊಂದೂರಿನಲ್ಲೂ ಸಲ್ಲುತ್ತಿತ್ತು. ಅಮೆರಿಕದಲ್ಲಿ ಲೈಟನ್ ಕಾಲ್ಕಿನ್ಸ್ ರೂಪಿಸಿದ ಪದ್ಧತಿಯ ಆಧಾರದ ಮೇಲೆ ರಾಷ್ಟ್ರೀಯ ವ್ಯವಸ್ಥೆ ಬಂದದ್ದು 1911ರಲ್ಲಿ. ಬ್ರಿಟನ್ನಿನ ಗಂಡಸರು ಒಟ್ಟಾಗಿ ಕೂತು ಮಾತಾಡಲು ಒಂದು ಮಂಡಳಿ ಮಾಡಿಕೊಂಡದ್ದು 1924ರಲ್ಲಿ. ಅಂದಹಾಗೆ, ಗಾಲ್ಫಿನ ತವರು ಸೇಂಟ್ ಆಂಡ್ರೂಸಿನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ ಹುಟ್ಟಿದ್ದು 1754ರಲ್ಲಿ, ಹೆಂಗಸರಿಗೆ ಸದಸ್ಯತ್ವ ಕೊಡಲು ಒಪ್ಪಿದ್ದು 2014ರಲ್ಲಿ. ಸಮಾನತೆಯ ಸೂತ್ರ ಕಟ್ಟಿದವರಿಗೆ ಬಾಗಿಲು ತೆರೆಯಲು 260 ವರ್ಷ ಬೇಕಾಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಇನ್ನೊಂದು ಗಂಟು ಉಳಿದಿತ್ತು. ಕಠಿಣ ಮೈದಾನ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಠಿಣವಲ್ಲ. ದಾರಿಯಲ್ಲಿ ಕೆರೆ ಇದ್ದರೆ ಪಳಗಿದವನು ಅದರ ಮೇಲಿಂದ ಹೊಡೆಯುತ್ತಾನೆ, ನನ್ನಂಥವನು ಮೂರು ಚೆಂಡು ಮುಳುಗಿಸುತ್ತಾನೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ಅಧಿಕಾರಿ ಡೀನ್ ನುತ್ ಇದಕ್ಕೆ 'ಸ್ಲೋಪ್' ಎಂಬ ಅಳತೆ ಕೊಟ್ಟರು. ನುರಿತವನಿಗೆ ಮೈದಾನ ಎಷ್ಟು ಕಷ್ಟ ಎಂಬುದು ಕೋರ್ಸ್ ರೇಟಿಂಗ್. ಅವನಿಗಿಂತ ಸಾಮಾನ್ಯನಿಗೆ ಇನ್ನೆಷ್ಟು ಹೆಚ್ಚು ಕಷ್ಟ ಎಂಬುದು ಸ್ಲೋಪ್. ಇದು 55ರಿಂದ 155ರವರೆಗೆ ಇರುತ್ತದೆ, ನಡುವಿನ ಪ್ರಮಾಣ 113. ಕೊನೆಗೆ 2020ರ ಜನವರಿಯಲ್ಲಿ, ಅಲ್ಲಿಯವರೆಗೆ ಜಗತ್ತಿನಲ್ಲಿ ಚಾಲ್ತಿಯಲ್ಲಿದ್ದ ಆರು ಪದ್ಧತಿಗಳನ್ನು ಒಂದುಗೂಡಿಸಿ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ಬಂತು. ಭಾರತದಲ್ಲಿ ಇದನ್ನು ನೋಡಿಕೊಳ್ಳುವುದು 1955ರಲ್ಲಿ ಹುಟ್ಟಿದ ಇಂಡಿಯನ್ ಗಾಲ್ಫ್ ಯೂನಿಯನ್.

ಲೆಕ್ಕ ಹೀಗಿದೆ. ನೀವು 96 ಹೊಡೆದಿರಿ ಎನ್ನಿ. ಮೈದಾನದ ರೇಟಿಂಗ್ 71.2, ಸ್ಲೋಪ್ 125. 96ರಿಂದ 71.2 ಕಳೆದರೆ 24.8. ಅದನ್ನು 113ರಿಂದ ಗುಣಿಸಿ 125ರಿಂದ ಭಾಗಿಸಿದರೆ 22.4. ಇದು ಆ ದಿನದ ಅಂತರ. ಇಂಥ ಕೊನೆಯ 20 ಅಂತರಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯೇ ನಿಮ್ಮ ಹ್ಯಾಂಡಿಕ್ಯಾಪ್ ಇಂಡೆಕ್ಸ್. ಗರಿಷ್ಠ ಮಿತಿ 54. ಇಂಡೆಕ್ಸ್ 20 ಇದ್ದವನು ಇದೇ ಮೈದಾನದಲ್ಲಿ, ಪಾರ್ 72 ಆಗಿದ್ದರೆ, 21 ಹೊಡೆತ ಪಡೆಯುತ್ತಾನೆ. ರೇಟಿಂಗ್ 68.5, ಸ್ಲೋಪ್ 105, ಪಾರ್ 70 ಇರುವ ಸುಲಭದ ಮೈದಾನಕ್ಕೆ ಹೋದರೆ ಅವನಿಗೇ 17. ಇಂಡೆಕ್ಸ್ ನಿಮ್ಮ ಜೊತೆ ಊರೂರು ಬರುತ್ತದೆ, ಹೊಡೆತಗಳ ಸಂಖ್ಯೆ ಮಾತ್ರ ಊರಿಗೆ ತಕ್ಕಂತೆ ಬದಲಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. 20ರ ಸರಾಸರಿ ಅಲ್ಲ, ಉತ್ತಮ 8ರ ಸರಾಸರಿ. ಅಂದರೆ ಈ ಸಂಖ್ಯೆ ನೀವು ಸಾಮಾನ್ಯವಾಗಿ ಹೇಗೆ ಆಡುತ್ತೀರಿ ಎಂದು ಹೇಳುವುದಿಲ್ಲ, ಚೆನ್ನಾಗಿ ಆಡಿದ ದಿನ ಏನು ಮಾಡಬಲ್ಲಿರಿ ಎಂದು ಹೇಳುತ್ತದೆ. ನಾಲ್ಕೈದು ಸುತ್ತುಗಳಲ್ಲಿ ಒಂದು ಸಲ ಮಾತ್ರ ನಿಮ್ಮ ಹ್ಯಾಂಡಿಕ್ಯಾಪ್‌ಗೆ ತಕ್ಕ ಆಟ ಬರುವುದು. ಉಳಿದ ದಿನ ಸೋತ ಮುಖ ಹೊತ್ತು ಮನೆಗೆ ಬರುವುದೇ ಸಹಜ. ಇದು ತಿಳಿದ ಮೇಲೆ ನನಗೆ ಎಷ್ಟೋ ಸಮಾಧಾನವಾಯಿತು.

ಒಮ್ಮೆ ಕಾಕಾ ಜೊತೆ ವಡೋದರೆಗೆ ಹೋಗಿದ್ದೆ. ಅಲ್ಲಿನ ಲಕ್ಷ್ಮೀ ವಿಲಾಸ ಅರಮನೆಯ ಆವರಣದಲ್ಲೇ ಗಾಲ್ಫ್ ಮೈದಾನವಿದೆ. 1930ರ ದಶಕದಲ್ಲಿ ಪ್ರತಾಪಸಿಂಹರಾವ್ ಗಾಯಕ್ವಾಡರು ಯುರೋಪಿಯನ್ ಅತಿಥಿಗಳಿಗಾಗಿ ಮಾಡಿಸಿದ್ದು. 1990ರ ದಶಕದಲ್ಲಿ ಅವರ ಮೊಮ್ಮಗ, ರಣಜಿ ಆಟಗಾರರಾಗಿದ್ದ ಸಮರ್ಜಿತ್‌ಸಿಂಹರು ಅದನ್ನು ನವೀಕರಿಸಿ ಹೊರಗಿನವರಿಗೂ ತೆರೆದರು. ರಾಜರ ಅಂಗಳದಲ್ಲಿ ನನ್ನಂಥ ಮಾಸ್ತರರ ಮಗ ಚೆಂಡು ಹುಡುಕುತ್ತ ಅಲೆದಾಡಬಹುದು ಎಂದರೆ ಕಾಲ ಬದಲಾಗಿದೆ ಎಂದೇ ಅರ್ಥ. ಗಾಲ್ಫಿನಲ್ಲಿ ಆಟ ಮುಗಿದ ಮೇಲೆ ಬಾರಿಗೆ ಹೋಗುವುದನ್ನು ಹತ್ತೊಂಬತ್ತನೇ ಹೋಲ್ ಎನ್ನುತ್ತಾರೆ. ಪಾನನಿಷೇಧದ ಗುಜರಾತಿನಲ್ಲಿ ನಮ್ಮ ಹತ್ತೊಂಬತ್ತನೇ ಹೋಲ್ ಮಜ್ಜಿಗೆ. ಅದನ್ನು ಕುಡಿಯುತ್ತ ಕಾಕಾ ಹೇಳಿದರು: 'ನಿನ್ನ ಸಂಖ್ಯೆ ಒಂದು ಹುಂಡಿ, ಭಾಯ್.'

ನಮಗೆ ಹುಂಡಿ ಎಂದರೆ ದೇವಸ್ಥಾನದ ಕಾಣಿಕೆ ಡಬ್ಬಿ. ಅವರು ಹೇಳಿದ್ದು ವ್ಯಾಪಾರದ ಹುಂಡಿ. ಒಂದೂರಿನ ಸರಾಫ ಬರೆದುಕೊಟ್ಟ ಚೀಟಿ, ಇನ್ನೊಂದೂರಿನ ಸರಾಫನ ಅಂಗಡಿಯಲ್ಲಿ ತೋರಿಸಿದರೆ ಹಣ. ಗುಜರಾತಿನ ವ್ಯಾಪಾರ ಶತಮಾನಗಟ್ಟಲೆ ಈ ಚೀಟಿಗಳ ಮೇಲೆ ನಡೆಯಿತು. ಹಣ ಪಯಣ ಮಾಡುತ್ತಿರಲಿಲ್ಲ, ನಂಬಿಕೆ ಮಾಡುತ್ತಿತ್ತು. ಸಂತಕವಿ ನರಸಿಂಹ ಮೆಹ್ತಾ ದ್ವಾರಕೆಯ ಶಾಮಳಶಾ ಶೇಠ್ ಎಂಬ ಹೆಸರಿಗೆ ಹುಂಡಿ ಬರೆದುಕೊಟ್ಟದ್ದು, ಅಂಥ ಶೇಠ್ ಯಾರೂ ಇರದಿದ್ದರಿಂದ ಸ್ವತಃ ಕೃಷ್ಣನೇ ಶೇಠನಾಗಿ ಬಂದು ಹಣ ತೀರಿಸಿದ್ದು ಇಲ್ಲಿ ಮನೆಮನೆಯ ಕತೆ. ಕಾಕಾ ಕತೆ ಮುಗಿಸಿ ನಕ್ಕರು: 'ಮೆಹ್ತಾಗೆ ಆ ಕಡೆ ಕೃಷ್ಣ ಇದ್ದ. ನಮಗೆ ಕ್ಲಬ್ಬಿನ ಕಮಿಟಿ ಇದೆ.'

ಹುಂಡಿಯಲ್ಲಿ ಮೋಸ ಇದ್ದ ಹಾಗೆ ಇಲ್ಲೂ ಇದೆ. ಕಾರ್ಡನ್ನು ಜೊತೆಗಾರನೊಬ್ಬ ದೃಢೀಕರಿಸಬೇಕು, ನಿಜ. ಆದರೆ ಯಾವ ಕಾರ್ಡನ್ನು ಸಲ್ಲಿಸುವುದು, ಯಾವುದನ್ನು ಮರೆಯುವುದು ಎಂಬುದು ಬಹಳ ಮಟ್ಟಿಗೆ ಆಟಗಾರನ ಮನಸ್ಸಾಕ್ಷಿ. ಒಳ್ಳೆಯ ಸ್ಕೋರುಗಳನ್ನು ಬಚ್ಚಿಟ್ಟು ರಿಯಾಯಿತಿ ಹೆಚ್ಚಿಸಿಕೊಂಡು ಬಹುಮಾನ ಹೊಡೆಯುವವನನ್ನು ಸ್ಯಾಂಡ್‌ಬ್ಯಾಗರ್ ಎನ್ನುತ್ತಾರೆ. ನನ್ನ ವೃತ್ತಿಯಲ್ಲಿ ಇವರನ್ನು ದಿನಾ ನೋಡುತ್ತೇನೆ. ಆರು ದಿನದ ಕೆಲಸಕ್ಕೆ ಹತ್ತು ದಿನದ ಎಸ್ಟಿಮೇಟ್ ಕೊಟ್ಟು ಎಂಟರಲ್ಲಿ ಮುಗಿಸಿ ಶಭಾಷ್ ಗಿಟ್ಟಿಸುವವರು. ಇವರಿಗೆ ಸೂತ್ರದಲ್ಲೇ ಬೇಲಿ ಹಾಕಿದ್ದಾರೆ. ಒಂದು ವರ್ಷದೊಳಗಿನ ಅತಿ ಕಡಿಮೆ ಇಂಡೆಕ್ಸಿಗಿಂತ 3 ಏರಿದ ಮೇಲೆ ಏರಿಕೆ ನಿಧಾನವಾಗುತ್ತದೆ, 5ಕ್ಕೆ ಪೂರ್ತಿ ನಿಲ್ಲುತ್ತದೆ. ಇಂಡೆಕ್ಸಿಗಿಂತ 7 ಅಥವಾ ಹೆಚ್ಚು ಉತ್ತಮವಾದ ಅಂತರ ಬಂದರೆ ಇಂಡೆಕ್ಸ್ ಹೆಚ್ಚುವರಿಯಾಗಿ ಇಳಿಯುತ್ತದೆ. ಒಂದೇ ಹೋಲಿನಲ್ಲಿ ಬೇಕೆಂದೇ ಹದಿನೈದು ಹೊಡೆದರೂ ಲೆಕ್ಕಕ್ಕೆ ಹಿಡಿಯುವುದು ಪಾರ್ ಮೇಲೆ ಎರಡು ಮತ್ತು ಆ ಹೋಲಿಗೆ ನಿಮಗಿರುವ ರಿಯಾಯಿತಿ, ಅಷ್ಟೇ. ನಾನು ಮಾಡಿದ ಮೋಸ ಇದರ ಉಲ್ಟಾ. ಬೆಂಗಳೂರಿನಲ್ಲಿ ಕೆಟ್ಟ ಕಾರ್ಡುಗಳನ್ನು ಸಲ್ಲಿಸದೆ ಒಳ್ಳೆಯವನ್ನಷ್ಟೇ ಸಲ್ಲಿಸಿ ಒಂದು ವರ್ಷ 16 ಎಂದು ಹೇಳಿಕೊಂಡು ತಿರುಗಿದೆ. ಹೋದಲ್ಲೆಲ್ಲ ಸೋತೆ. ಪ್ರತಿಷ್ಠೆಗೆ ದಂಡ ಕಟ್ಟಿದವನು ನಾನೇ ಆದ್ದರಿಂದ ಅದನ್ನು ಯಾರೂ ಮೋಸ ಎನ್ನಲಿಲ್ಲ.

ಇಷ್ಟೆಲ್ಲ ಚೊಕ್ಕವಾದ ಈ ಲೆಕ್ಕದ ಒಳಗೆ ಬರಲು ಒಂದೇ ಷರತ್ತು. ಮಾನ್ಯತೆ ಪಡೆದ ಕ್ಲಬ್ಬಿನ ಅಥವಾ ಸಂಘದ ಮೂಲಕವೇ ಇಂಡೆಕ್ಸ್ ಸಿಗುವುದು. ಅಂದರೆ ಸದಸ್ಯತ್ವ ಬೇಕು. ಬ್ರಿಟಿಷರ ಕಾಲದ ಅನೇಕ ಕ್ಲಬ್ಬುಗಳಲ್ಲಿ ಭಾರತೀಯರಿಗೆ ಅದು ಇರಲಿಲ್ಲ. ಇವತ್ತು ದುಡ್ಡಿದ್ದವರಿಗೆ ಇದೆ. ಮೈದಾನವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಕ್ಯಾಡಿಗಳಿಗೆ, ಅಂದರೆ ನಮ್ಮ ಚೀಲ ಹೊತ್ತು, ಗಾಳಿ ನೋಡಿ, ಯಾವ ಕೋಲು ತೆಗೆಯಬೇಕೆಂದು ಹೇಳುವವರಿಗೆ, ಸಾಮಾನ್ಯವಾಗಿ ಇಲ್ಲ. ಒಂದು ಕಾಲದಲ್ಲಿ ಅಮೆರಿಕದ ನಿಯಮವಂತೂ, ಇಂತಿಷ್ಟು ವಯಸ್ಸು ದಾಟಿದ ಮೇಲೂ ಕ್ಯಾಡಿ ಕೆಲಸ ಮಾಡಿದವನು ಅಮೆಚೂರ್ ಅಲ್ಲವೇ ಅಲ್ಲ ಎನ್ನುತ್ತಿತ್ತು.

ಭಾರತದ ಗಾಲ್ಫ್ ಚರಿತ್ರೆಯನ್ನು ಈ ಕಡೆಯಿಂದ ನೋಡಿದರೆ ಬೇರೆಯಾಗಿ ಕಾಣುತ್ತದೆ. 1965ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ಪಿ. ಜಿ. ಸೇಥಿ ಅಮೆಚೂರ್. ಅಲ್ಲಿಂದ 26 ವರ್ಷಗಳ ನಂತರ, 1991ರಲ್ಲಿ, ಮತ್ತೆ 1993ರಲ್ಲಿ ಗೆದ್ದ ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿದ್ದವರು. 2009ರಲ್ಲಿ ಗೆದ್ದ ಸಿ. ಮುನಿಯಪ್ಪ ನಮ್ಮ ಬೆಂಗಳೂರಿನವರು, ಅವರೂ ಕ್ಯಾಡಿಯಾಗಿದ್ದವರೇ. ಬೆಂಗಳೂರಿನವರೇ ಆದ ಅದಿತಿ ಅಶೋಕ್ ಎಳವೆಯಿಂದ ಅಮೆಚೂರ್ ಪಂದ್ಯಗಳನ್ನು ಆಡಿಕೊಂಡು ಬಂದು 2016ರಲ್ಲಿ ವೃತ್ತಿಪರರಾದರು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಹೆಚ್ಚಿನ ಕ್ಯಾಡಿಗಳಿಗೆ ಆ ಮೆಟ್ಟಿಲು ಸಿಗುವುದಿಲ್ಲ. ಅನೇಕ ಅಮೆಚೂರ್ ಪಂದ್ಯಗಳ ಪ್ರವೇಶಕ್ಕೇ ಇಂಡೆಕ್ಸ್ ಬೇಕು. ಹಾಗಾಗಿ ಅವರು ಏಣಿಯಿಲ್ಲದೆ ನೇರವಾಗಿ ವೃತ್ತಿಪರರ ಅಟ್ಟಕ್ಕೆ ನೆಗೆಯಬೇಕು. ಅಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಮುಟ್ಟಿದವರ ಹೆಸರು ನಮಗೆ ಗೊತ್ತು.

ನಾನು ಅಹಮದಾಬಾದಿನಲ್ಲಿ ಆಡುವ ಕಡೆ ನನ್ನ ಚೀಲ ಹೊರುವ ಹುಡುಗನಿಗೆ ಇಪ್ಪತ್ತೆರಡು ವರ್ಷ. ವಾರಕ್ಕೊಂದು ದಿನ, ಸದಸ್ಯರು ಬಾರದ ಸೋಮವಾರ, ಕ್ಯಾಡಿಗಳು ಹಳೆಯ ಕೋಲುಗಳಲ್ಲಿ ಆಡಿಕೊಳ್ಳುತ್ತಾರೆ. ನನ್ನ ಲೆಕ್ಕವನ್ನು ಅವನೇ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಒಂದು ದಿನ ಕೇಳಿದ: 'ಸಾಹೇಬ್, ನನ್ನದು ಎಷ್ಟು ಬರಬಹುದು?' ಕಾರ್ಡು ಬರೆದಿಡು, ಸ್ನೇಹಿತರ ಸಹಿ ಹಾಕಿಸು ಎಂದೆ. ಐದು ತಿಂಗಳಲ್ಲಿ ಇಪ್ಪತ್ತು ಕಾರ್ಡು ತಂದುಕೊಟ್ಟ. ಕೆಟ್ಟ ದಿನದ 84 ಕೂಡ ಅದರಲ್ಲಿತ್ತು. ನನ್ನ ಹಾಗೆ ಬಚ್ಚಿಟ್ಟಿರಲಿಲ್ಲ. ರಾತ್ರಿ ಎಕ್ಸೆಲ್‌ನಲ್ಲಿ ಹಾಕಿ ಉತ್ತಮ ಎಂಟರ ಸರಾಸರಿ ತೆಗೆದೆ. 3.8.

ಒಂದು ಸೋಮವಾರ ರಜೆ ಹಾಕಿ, ಅನುಮತಿ ಕೇಳಿ, ಅವನೊಡನೆ ಆಡಿದೆ. ಲೆಕ್ಕದ ಪ್ರಕಾರ ನನಗೆ ಅವನಿಂದ 17 ಹೊಡೆತ. ಅಂದರೆ ಅತಿ ಸುಲಭದ ಒಂದು ಹೋಲನ್ನು ಬಿಟ್ಟು ಉಳಿದೆಲ್ಲದರಲ್ಲೂ ನನಗೊಂದೊಂದು ರಿಯಾಯಿತಿ. ಹದಿನೇಳನೇ ಹೋಲ್ ಮುಗಿದಾಗ ಸಮ. ಕೊನೆಯದರಲ್ಲಿ ಅವನು 4 ಹೊಡೆದ, ನಾನು 6, ರಿಯಾಯಿತಿ ಕಳೆದು 5. ಅವನು ಗೆದ್ದ. ನಾನು ಆಡಿದ ಅತ್ಯಂತ ಒಳ್ಳೆಯ ಪಂದ್ಯ ಅದು. ಟೋಪಿಯೊಳಗೆ ಕೈಹಾಕಿದ ಆ ಹಳೆಯ ಆಟದ ತಕ್ಕಡಿ ಎಷ್ಟು ಸರಿ ತೂಗುತ್ತದೆ ಎಂದು ಅವತ್ತು ಗೊತ್ತಾಯಿತು.

ಕ್ಯಾಡಿಗಳಿಗೂ ಒಂದು ಸಣ್ಣ ಶುಲ್ಕದಲ್ಲಿ ಇಂಡೆಕ್ಸ್ ಕೊಡಲಾಗದೇ ಎಂದು ಕಮಿಟಿಗೆ ಬರೆದೆ. ಕಾಕಾ ಕೂಡ ಸಹಿ ಹಾಕಿದರು. ನೋಡೋಣ ಎಂದಿದ್ದಾರೆ. ಎಂಟು ತಿಂಗಳಾಯಿತು.

ಆ ಎಕ್ಸೆಲ್ ಹಾಳೆಯ ಒಂದು ಪ್ರಿಂಟ್ ಬೇಕೆಂದು ಹುಡುಗ ಕೇಳಿದ್ದ. ಕೊಟ್ಟೆ. ಮಡಿಸಿ ಮೊಬೈಲಿನ ಕವರಿನೊಳಗೆ ಇಟ್ಟುಕೊಳ್ಳುತ್ತ ಕೇಳಿದ: 'ಇದು ಎಲ್ಲಿ ನಡೆಯುತ್ತೆ, ಸಾಹೇಬ್?'

ಸದ್ಯಕ್ಕೆ ನನ್ನ ಹತ್ತಿರ ಮಾತ್ರ, ಎಂದೆ.